ಬೂದಿಜುಟ್ಟಿನ ಕೋಳಿ

ಹೋದ ತಿಂಗಳು ಅಟ್ಟ ಗುಡಿಸುವಾಗ ಒಂದು ಮುರುಕು ಮಂಕರಿಯೊಳಗಿಂದ ತುಕ್ಕು ಹಿಡಿದ ಲಾಳ ನನ್ನ ಕಾಲ ಮೇಲೆ ಬಿತ್ತು. ಬೀಳಬೇಕಾದ ಕಡೆಗೇ ಬಿತ್ತು ಅನ್ನಿ. ನಮ್ಮ ಅತ್ತೆ ಕೋಳಿಯನ್ನು ಕಾವಿಗೆ ಕೂರಿಸುವಾಗ ಮೊಟ್ಟೆಗಳ ಪಕ್ಕ ಆ ಲಾಳವನ್ನೂ ಒಂದು ಚೂರು ಇದ್ದಿಲನ್ನೂ ಇಡುತ್ತಿದ್ದರು, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ. ಕಬ್ಬಿಣಕ್ಕೂ ಗುಡುಗಿಗೂ ಏನು ಸಂಬಂಧವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಅವರು ಕೂರಿಸಿದ ಮೊಟ್ಟೆ ಕೆಟ್ಟಿದ್ದು ಕಡಿಮೆ. ಕೆಟ್ಟಿದ್ದೆಲ್ಲ ನನ್ನಿಂದ.

ನಾನು ತರೀಕೆರೆಯಿಂದ ಯಗಟಿಗೆ ಸೊಸೆಯಾಗಿ ಬಂದಾಗ ಮಹಾರಾಜರ ಸರ್ಕಾರ. ಆ ಮನೆಯಲ್ಲಿ ಒಂದು ತಳಿಯ ಕೋಳಿ ಇತ್ತು. ಮೈಯೆಲ್ಲ ಒಲೆಯ ಬೂದಿಯ ಬಣ್ಣ, ತಲೆಯ ಮೇಲೆ ಒಂದು ಹಿಡಿ ಜುಟ್ಟು. ಬೂದಿಜುಟ್ಟು ಅಂತಲೇ ಅದಕ್ಕೆ ಹೆಸರು. ಬೇರೆಲ್ಲೂ ನಾನು ಅಂಥದ್ದನ್ನು ಕಂಡಿಲ್ಲ. ಅತ್ತೆಗೆ ಅವರ ಅತ್ತೆಯಿಂದ ಬಂದಿತ್ತಂತೆ. ಕೊರಳ ಸರವನ್ನಾದರೂ ಮದುವೆಗೆ ಎರವಲು ಕೊಟ್ಟಾರು, ಈ ಹ್ಯಾಟೆಗಳನ್ನು ಮಾರಿದವರಲ್ಲ. ಸಾರಿಗೆ ಬೀಳುತ್ತಿದ್ದದ್ದು ಹುಂಜಗಳು ಮಾತ್ರ.

ಮಾರುತ್ತಿರಲಿಲ್ಲ, ಆದರೆ ಪಾಲಿಗೆ ಕೊಡುತ್ತಿದ್ದರು. ಸಿಂಗಟಗೆರೆಯ ಕೆಂಚಮ್ಮನಿಗೆ ಎರಡು, ಅಜ್ಜಂಪುರದ ಒಂದು ಮನೆಗೆ ಎರಡು. ಹುಟ್ಟಿದ ಮರಿಗಳಲ್ಲಿ ಸಾಕಿದವರಿಗೆ ಅರ್ಧ, ನಮಗೆ ಅರ್ಧ. ವರ್ಷಕ್ಕೊಮ್ಮೆ ಆ ಮನೆಯ ಹುಂಜ ಈ ಮನೆಗೆ, ಈ ಮನೆಯದು ಆ ಮನೆಗೆ. ಇಷ್ಟೊಂದು ತಿರುಗಾಟ ಯಾಕೆ ಅಂತ ಕೇಳಿದ್ದಕ್ಕೆ ಅತ್ತೆ, ಅಣ್ಣತಂಗಿಗೆ ಯಾರಾದರೂ ಮದುವೆ ಮಾಡುತ್ತಾರಾ ಅಂತ ನನ್ನನ್ನೇ ಗದರಿದ್ದರು.

ನನಗೋ ನಾಲ್ಕಕ್ಷರ ಬರುತ್ತಿತ್ತು. ಬಂದ ಮೇಲೆ ಸುಮ್ಮನಿರಲಾಗುತ್ತದೆಯೇ, ನೀವೇ ಹೇಳಿ. ಗೂಡಿನ ಪಕ್ಕದ ಗೋಡೆಗೆ ಸುಣ್ಣದಲ್ಲಿ ಗೀಟು ಎಳೆದು ಕೋಳಿಗಳ ಲೆಕ್ಕ ಇಟ್ಟೆ. ಒಂದು ಸಲ ಕೆಂಚಮ್ಮ ತಂದುಕೊಟ್ಟ ಪಾಲಿನ ಮರಿಗಳಲ್ಲಿ ಎರಡಕ್ಕೆ ಕೆಂಪು ಗರಿ ಮೂಡಿತು. ಯಾವುದೋ ಬೀದಿ ಹುಂಜ ಸೇರಿದೆ, ಹೀಗೇ ಬಿಟ್ಟರೆ ತಳಿ ಕುಲಗೆಡುತ್ತದೆ, ಒಳ್ಳೆಯ ಮರಿಗಳನ್ನು ಅವಳೇ ಇಟ್ಟುಕೊಂಡಿದ್ದರೂ ಇಟ್ಟುಕೊಂಡಾಳು ಅಂತ ಹಟ ಹಿಡಿದೆ. ಎಲ್ಲವನ್ನೂ ವಾಪಸು ತಂದು ನಮ್ಮ ಕಣ್ಣೆದುರೇ ಸಾಕೋಣ ಅಂದೆ.

"ಒಂದೇ ಗೂಡಲ್ಲಿಟ್ರೆ ಒಂದೇ ಗಾಳಿಗೆ ಹೋಯ್ತವೆ ಕಣೇ," ಅಂದರು ಅತ್ತೆ. ಓದಿದ ಸೊಸೆ ಅಂತ ಅವರಿಗೆ ನನ್ನ ಮೇಲೆ ಹೆಮ್ಮೆ. ಅದಕ್ಕೇ ಎರಡನೇ ಸಲ ಬೇಡ ಅನ್ನಲಿಲ್ಲ. ಅನ್ನಬೇಕಿತ್ತು.

ಅಜ್ಜಂಪುರದವು ಗಾಡಿಯಲ್ಲಿ ಬಂದವು. ಸಿಂಗಟಗೆರೆಗೆ ನಾನೇ ಹೋದೆ. ಕೆಂಚಮ್ಮನ ಪಾಲಿನವಕ್ಕೆ ಬದಲು ಸಂತೆಯ ಕೋಳಿ ಕೊಟ್ಟು, ಬೂದಿಜುಟ್ಟುಗಳನ್ನು ಒಂದೊಂದಾಗಿ ಎಣಿಸಿ ಮಂಕರಿಗೆ ಹಾಕಿಕೊಂಡೆ. ಅವಳು ಜಗಳ ಆಡಲಿಲ್ಲ. ಕುಂಟು ಹ್ಯಾಟೆಯೊಂದನ್ನಾದರೂ ಬಿಟ್ಟುಹೋಗಿ, ಕೈಗೆ ಒಗ್ಗಿದೆ ಅಂತ ಕೇಳಿದಳು. ನಾನು ಬಿಡಲಿಲ್ಲ.

ಮುಂದಿನ ಬೇಸಿಗೆಗೆ ನಮ್ಮೂರಿಗೆ ಕೋಳಿರೋಗ ಬಂತು. ಹಸಿರು ಹಿಕ್ಕೆ ಹಾಕುತ್ತಾ, ಕತ್ತು ತಿರುಚಿಕೊಂಡು ಬಿದ್ದವು. ಈರುಳ್ಳಿ, ಅರಿಶಿನ ಅರೆದು ಗಂಟಲಿಗೆ ಹಾಕಿದೆವು. ವಾರದೊಳಗೆ ಗೂಡು ಖಾಲಿ. ಗೋಡೆಯ ಮೇಲೆ ನನ್ನ ಗೀಟುಗಳು ಉಳಿದವು. ಕೆಂಚಮ್ಮ ಒಂದನ್ನಾದರೂ ಬಚ್ಚಿಟ್ಟಿರಬಹುದು, ಹೋಗಿ ಕೇಳಿ ಬಾ ಅಂದರು ಅತ್ತೆ.

ಯಾವ ಅನುಮಾನದಿಂದ ಕೋಳಿಗಳನ್ನು ಕಿತ್ತು ತಂದಿದ್ದೆನೋ, ಅದೇ ಅನುಮಾನ ನಿಜವಾಗಲಪ್ಪಾ ಅಂತ ದಾರಿಯುದ್ದಕ್ಕೂ ಹರಕೆ ಹೊರುತ್ತಾ ಹೋದೆ. ಸಿಂಗಟಗೆರೆಗೆ ರೋಗ ಬಂದೇ ಇರಲಿಲ್ಲ. ನಾನು ಕೊಟ್ಟ ಸಂತೆಯ ಕೋಳಿಗಳು ಅಂಗಳದಲ್ಲಿ ಕೆದಕಿಕೊಂಡು ಚೆನ್ನಾಗಿದ್ದವು. ವಿಷಯ ಕೇಳಿ ಕೆಂಚಮ್ಮ ಇದ್ದಲ್ಲೇ ಕುಕ್ಕರಿಸಿದಳು.

"ಒಂದ ಬಚ್ಚಿಟ್ಕಬೇಕು ಅಂತ ಮನಸಿಗೆ ಬಂದಿತ್ತು ಕಣ್ರವ್ವ. ನೀವು ಎಣಿಸ್ತಿದ್ರಲ್ಲ, ಕಳ್ಳಿ ಅಂದ್ಕೊಂಡೀರಿ ಅಂತ ಸುಮ್ಕಾದೆ."

ನನಗಿಂತ ಮೊದಲು ಅವಳೇ ಅತ್ತಳು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಈಗ ನನ್ನ ಹತ್ತಿರ ಇರುವುದೂ ಸಂತೆಯ ಕೋಳಿಯೇ. ಜುಟ್ಟಿಲ್ಲ, ಕುಲ ಯಾವುದೋ ಗೊತ್ತಿಲ್ಲ. ಲಾಳ ಸಿಕ್ಕಿದ ದಿನ ಒಂದು ಕಾವಿಗೆ ಕೂತಿತ್ತು. ಲಾಳವನ್ನು ತೊಳೆದು ಮೊಟ್ಟೆಗಳ ಪಕ್ಕ ಇಟ್ಟೆ. ಮರಿಯಾದವು. ಪಕ್ಕದ ಮನೆಯ ಹೆಂಗಸು ನೋಡಿ, ತಾಯಿ ಮರಿ ಎಲ್ಲ ಪಾಲಿಗೆ ಕೊಡಿ, ಸಾಕಿಕೊಡುತ್ತೇನೆ ಅಂದಳು. ನಿನ್ನೆ ಬಂದು ಮಂಕರಿಗೆ ಕೈ ಚಾಚಿದವಳು, ಎಣಿಸಿ ಕೊಡಿ ಅಜ್ಜಿ, ನಾಳೆ ಮಾತು ಬರಬಾರದು ಅಂತ ನಿಂತಳು.

ನಾನು ಮಂಕರಿಗೆ ಬಟ್ಟೆ ಮುಚ್ಚಿ ಹಾಗೇ ಅವಳ ಕೈಗಿಟ್ಟೆ. ಒಳಗೆ ಎಷ್ಟಿದ್ದವೋ ನನಗೂ ಗೊತ್ತಿಲ್ಲ. ಬೂದಿಜುಟ್ಟಿನದು ಒಂದೂ ಇರಲಿಲ್ಲ, ಅಷ್ಟು ಗೊತ್ತು.