ಚಂದ್ರನ ಚರ್ಚೆಯಲ್ಲಿ ನನ್ನ ಜೋಡಿ

ಎದುರಿನವರು ಮಾತಾಡುವಷ್ಟು ಹೊತ್ತೂ ಅವಳು ಬಲಗಿವಿಯ ಓಲೆಯನ್ನು ಹಳೇ ರೇಡಿಯೋದ ತಿರುಪಿನ ಹಾಗೆ ಮೆಲ್ಲಗೆ ತಿರುಗಿಸುತ್ತಿದ್ದಳು. ಬೆರಳು ನಿಂತಿತೆಂದರೆ ಅವರ ವಾದದಲ್ಲಿ ತೂತು ಸಿಕ್ಕಿತೆಂದೇ ಅರ್ಥ. ನಾನು ಗ್ರಂಥಾಲಯದಲ್ಲಿ ದಿನಗಟ್ಟಲೆ ಕೂತು ಹುಡುಕುವ ತೂತನ್ನು ಅವಳು ಕುರ್ಚಿಯಲ್ಲಿ ಕೂತಲ್ಲೇ ಹುಡುಕಿಬಿಡುತ್ತಿದ್ದಳು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಆ ಓಲೆಯಿಂದ.

ಚಿತ್ರದುರ್ಗದ ಕಾಲೇಜಿನಲ್ಲಿ ಅವಳು ಚರ್ಚಾಸ್ಪರ್ಧೆಗೆ ನನ್ನ ಜೋಡಿ. ಈ ಸ್ಪರ್ಧೆಗಳಿಗೆ ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಇಬ್ಬರ ಅಂಕ ಕೂಡಿಸಿ ಕಾಲೇಜಿಗೆ ಪಾರಿತೋಷಕ ಕೊಡುತ್ತಾರೆ. ಅದಲ್ಲದೆ ಎಲ್ಲರಿಗಿಂತ ಚೆನ್ನಾಗಿ ಮಾತಾಡಿದ ಒಬ್ಬರಿಗೆ ವೈಯಕ್ತಿಕ ಪ್ರಥಮ. ಅಂದರೆ ಪಕ್ಕದಲ್ಲಿ ಕೂತವಳು ಚೆನ್ನಾಗಿ ಮಾತಾಡಬೇಕು, ಆದರೆ ನನಗಿಂತ ಚೆನ್ನಾಗಿ ಮಾತಾಡಬಾರದು. ಪದವಿಯುದ್ದಕ್ಕೂ ಅವಳು ನನಗಿಂತ ಚೆನ್ನಾಗಿಯೇ ಮಾತಾಡಿದಳು. ಪಾರಿತೋಷಕವನ್ನು ಇಬ್ಬರೂ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದೆವು. ವೈಯಕ್ತಿಕ ಪ್ರಥಮ ಅವಳ ಚೀಲ ಸೇರುತ್ತಿತ್ತು.

ಶ್ರೀರಾಂಪುರದ ಕಡೆಯ ಕುರಿ ಸಾಕುವವರ ಮನೆಯ ಹುಡುಗಿ, ಹಾಸ್ಟೆಲಿನಲ್ಲಿದ್ದಳು. ವೇದಿಕೆ ಹತ್ತುವ ಮೊದಲು ನಾನು ಬಿಸಿನೀರು ಕುಡಿದು ಗಂಟಲು ಕಾಯ್ದುಕೊಳ್ಳುತ್ತಿದ್ದರೆ, ಅವಳು ಮಂಡಕ್ಕಿ ಮೆಣಸಿನಕಾಯಿ ಮುಗಿಸಿ ಎಣ್ಣೆಗೈಯನ್ನು ನನ್ನ ಟಿಪ್ಪಣಿ ಹಾಳೆಗೇ ಒರೆಸುವಳು. ಅವಳಿಗೆ ಟಿಪ್ಪಣಿ ಬೇಕಿರಲಿಲ್ಲ. ಎಚ್ಚರಿಕೆಯ ಗಂಟೆ ಹೊಡೆಯುವ ಮೊದಲೇ ಮಾತು ಮುಗಿಸಿ ಕೂತುಬಿಡುತ್ತಿದ್ದಳು. “ಇನ್ನೂ ಒಂದೀಟು ಹೇಳ್ಲಿ ಅಂತ ಅನ್ನಿಸ್ಬೇಕು ಕಣೇ ಜನಕ್ಕೆ, ಸಾಕು ಕುಂತ್ಕಳಮ್ಮ ಅಂತ ಅಲ್ಲ” ಎನ್ನುವಳು. ಅದು ಯಾರಿಗೆ ಹೇಳಿದ್ದೆಂದು ನನಗೆ ಗೊತ್ತಾಗುತ್ತಿತ್ತು.

ಕೊನೆಯ ವರ್ಷದ ಕೊನೆಯ ಸ್ಪರ್ಧೆ ಹೊಳಲ್ಕೆರೆಯಲ್ಲಿ. ಸತ್ತವರ ಅಸ್ಥಿಯನ್ನು ಚಂದ್ರನಿಗೆ ಕಳಿಸುವುದೂ ಆಕಾಶಕಾಯಗಳಿಗೆ ಅವರ ಹೆಸರಿಡುವುದೂ ನಿಜವಾದ ಗೌರವವೇ ಎಂಬುದು ವಿಷಯ. ಚೀಟಿ ಎತ್ತಿದಾಗ ಅವಳಿಗೆ ಪರ ಬಂತು, ನನಗೆ ವಿರೋಧ. ಒಳಗೊಳಗೇ ಹಿಗ್ಗಿದೆ. ಮನೆಯಲ್ಲಿ ಹಬ್ಬದ ಶಾಸ್ತ್ರವನ್ನೇ ಟೀಕಿಸದೆ ಬಿಡದ ನಾನು, ಬೂದಿಯನ್ನು ರಾಕೆಟ್ಟಿನಲ್ಲಿ ಕೂರಿಸಿ ಕಳಿಸುವವರನ್ನು ಬಿಟ್ಟೇನೆ? ಇವತ್ತು ಅವಳನ್ನು ಸೋಲಿಸದಿದ್ದರೆ ಇನ್ನೆಂದೂ ಇಲ್ಲ, ಬದುಕಿಡೀ ಎರಡನೆಯವಳಾಗಿ ಉಳಿದುಬಿಡುತ್ತೇನೆ ಎಂಬ ಭಯವೂ ಇತ್ತು.

ಮೊದಲು ಅವಳು ಎದ್ದಳು. ವೇದಿಕೆಯ ಮೇಲೂ ಊರ ಮಾತು ಬಿಡುತ್ತಿರಲಿಲ್ಲ. ಅಸ್ಥಿಯ ವಿಚಾರವನ್ನು ಬೇಗ ಮುಗಿಸಿ ಹೆಸರಿಗೆ ಬಂದಳು. “ನನಗೆ ನಮ್ಮಜ್ಜಿ ಹೆಸರೇ ಇಟ್ಟಾರೆ. ಅತ್ತೆ ಹೆಸರು ಹಿಡಿದು ಕೂಗಬಾರ್ದು ಅಂತ ನಮ್ಮವ್ವ ಇವತ್ತಿಗೂ ನನ್ನ ಪುಟ್ಟಿ ಅಂತಾಳೆ. ಬೈಯೋವಾಗ್ಲೂ ಪುಟ್ಟಿನೇ. ಅಜ್ಜಿ ಹೋಗಿ ಎಷ್ಟೋ ವರ್ಷ ಆತು, ನಮ್ಮವ್ವನಿಗೆ ಆ ಹೆಸರಿನ ಭಯ ಇನ್ನೂ ಐತೆ. ಚಂದ್ರನ ಮ್ಯಾಲಿನ ಕುಳಿಗೆ ಹೆಸರಿಟ್ರೆ ಕುಳಿಗೇನೂ ಆಗಲ್ರಿ. ಕೆಳಗೆ ನಿಂತು ನೋಡೋರಿಗೆ ಆಗ್ತೈತೆ.”

ಸಭೆ ನಕ್ಕಿತು. ನಮ್ಮ ಮನೆಯಲ್ಲೂ ಇಂಥ ಒಬ್ಬ ಅತ್ತೆ, ಇಂಥ ಒಬ್ಬ ಸೊಸೆ ಇರಬಾರದಿತ್ತೇ ಎಂದು ನನಗೆ ಉರಿಯಿತು. ನನ್ನ ಬಳಿ ಇದ್ದದ್ದು ಪತ್ರಿಕೆಯ ತುಣುಕುಗಳು.

ಆದರೂ ಆ ದಿನ ನಾನು ಚೆನ್ನಾಗಿ ಮಾತಾಡಿದೆ. ದುಡ್ಡು ಕೊಟ್ಟು ನಕ್ಷತ್ರಕ್ಕೆ ಹೆಸರಿಡಿಸಿದರೆ ಸಿಗುವ ಪ್ರಮಾಣಪತ್ರವನ್ನು ಯಾವ ಖಗೋಳ ವಿಜ್ಞಾನಿಯೂ ಒಪ್ಪುವುದಿಲ್ಲವೆಂದೆ. ಚಂದ್ರನಿಗೆ ಹೋಗುವುದು ಒಂದು ಚಿಟಿಕೆ ಬೂದಿ, ಅದು ಮನುಷ್ಯನಲ್ಲ, ಬರೀ ಸುಣ್ಣ ರಂಜಕ ಎಂದೆ. ಕೊನೆಗೆ ಮನೆಯಿಂದಲೇ ಹೊಸೆದು ತಂದಿದ್ದ ಸಾಲನ್ನು ಬಿಟ್ಟೆ: “ಮೂಳೆಗೆ ಮರ್ಯಾದೆ ಕೊಡುವವರು ತಮ್ಮ ಬುದ್ಧಿಗೆ ಅವಮಾನ ಮಾಡಿಕೊಳ್ಳುತ್ತಾರೆ.” ಚಪ್ಪಾಳೆ ಬಿತ್ತು. ಚಪ್ಪಾಳೆಯ ನಡುವೆಯೇ ಅವಳ ಕಡೆ ನೋಡಿದೆ. ಓಲೆಯ ಮೇಲಿನ ಬೆರಳು ನಿಂತಿತ್ತು.

ಪ್ರತಿವಾದವೆಂದರೆ ಎದುರು ಪಕ್ಷದವರಿಗೆ, ಸ್ವಂತ ಜೋಡಿಯಾದರೂ ಸರಿ, ಪ್ರಶ್ನೆ ಹಾಕುವುದು. ಅದಕ್ಕೆ ತೀರ್ಪುಗಾರರು ಅವಳನ್ನು ಕರೆದರು. ಎದ್ದಳು. ನನ್ನನ್ನೇ ನೋಡಿದಳು. “ಕೇಳೋದೇನಿಲ್ಲ ಸರ್” ಎಂದು ಕೂತಳು.

ವೈಯಕ್ತಿಕ ಪ್ರಥಮ ನನಗೆ ಬಂತು, ಅರ್ಧ ಅಂಕದ ಅಂತರದಲ್ಲಿ. ಪ್ರತಿವಾದ ಮಾಡಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತೆಂದು ತೀರ್ಪುಗಾರರೇ ಅವಳಿಗೆ ಹೇಳಿದರು.

ದುರ್ಗದ ಬಸ್ಸು ಹತ್ತಿದ್ದೇ ತಡ ಅವಳನ್ನು ಪೀಡಿಸತೊಡಗಿದೆ. ತೂತು ಸಿಕ್ಕಿತ್ತು ತಾನೇ? ಏನದು? ಮೊದಲು ಏನಿಲ್ಲವೆಂದಳು. ಬಿಡದಿದ್ದಾಗ ನನ್ನ ಕಡೆ ತಿರುಗಿದಳು. “ಉಗಾದಿಗೆ ನಿಮ್ಮೂರಿಗೆ ಬಂದಿದ್ನಲ್ಲ. ಹೊಲದ ಬದುವಿನ ಮ್ಯಾಲೆ ನಿಮ್ಮ ತಾತನ ಸಮಾಧಿ ಐತಲ್ಲ, ಅಲ್ಲಿಗೆ ಬಂದ ಕೂಡ್ಲೇ ನೀನು ಚಪ್ಪಲಿ ಕೈಗೆ ತಗಂಡೆ. ದಾಟಿದ ಮ್ಯಾಲೆ ಮೆಟ್ಕಂಡೆ. ಅಷ್ಟೊತ್ತೂ ದೇವ್ರಿಲ್ಲ ಅಂತ ನನಗೆ ಪಾಠ ಹೇಳ್ತಾನೇ ಇದ್ದೆ. ಯಾಕೆ ಚಪ್ಪಲಿ ಬಿಟ್ಟೆ ಅಂತ ಕೇಳಿದ್ರೆ ಏನಂತಿದ್ದೆ?”

ಚಪ್ಪಲಿ ಬಿಟ್ಟದ್ದು ನನಗೇ ಗೊತ್ತಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಹಿರೇಗುಂಟನೂರಿನ ಹತ್ತಿರದ ಆ ಹೊಲದಲ್ಲಿ ತಾತನನ್ನು ಹಾಗೆ ಕೂರಿಸಿದ್ದನ್ನು ನಾನೇ ನಿಂತು ನೋಡಿದ್ದೆ. ಹಣೆಯ ತುಂಬ ವಿಭೂತಿ ಇತ್ತು. ಆ ತಾತನನ್ನು ಸುಣ್ಣ ರಂಜಕ ಎನ್ನಲು ಬಾಯಿ ಬರಲಿಲ್ಲ. ಕೇಳಬೇಕಿತ್ತು, ನೀನೇ ಗೆಲ್ಲುತ್ತಿದ್ದೆ ಎಂದೆ.

“ನಿನ್ನ ಸೋಲಿಸೋ ಆಸೆ ನಂಗೂ ಐತೆ ಕಣೇ. ಆದ್ರೆ ನಾನು ಸೋಲಿಸ್ಬೇಕು, ನಿಮ್ಮ ತಾತ ಅಲ್ಲ” ಎಂದವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ನಿದ್ದೆ ಕೂಡ ಅವಳಿಗೆ ಅಷ್ಟು ಸಲೀಸು.

ಈಗ ಅವಳು ಹೊಸದುರ್ಗದ ಕಡೆ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಾಳೆ. ಅವಳ ತರಗತಿಯ ಮಕ್ಕಳ ಮೇಲೂ ನನಗೆ ಹೊಟ್ಟೆಕಿಚ್ಚು. ನಾನು ಕಾನೂನು ಓದುತ್ತಿದ್ದೇನೆ. ಎದುರಿನವರ ತೂತು ಹುಡುಕುವುದನ್ನು ಅವಳನ್ನು ನೋಡಿಯೇ ಕಲಿತೆ. ಸಿಕ್ಕ ತೂತನ್ನು ಮುಟ್ಟದೆ ಬಿಡುವುದು ಇನ್ನೂ ಕೈಗೆ ಹತ್ತಿಲ್ಲ, ಅದಕ್ಕೇ ಈ ಉರಿ ಆರಿಲ್ಲ.

ಹೊಳಲ್ಕೆರೆಯಲ್ಲಿ ವೈಯಕ್ತಿಕ ಪ್ರಥಮಕ್ಕೆ ಕೊಟ್ಟ ಫಲಕದ ಮೇಲೆ ಅಪ್ಪ ದುರ್ಗದ ಅಂಗಡಿಯಲ್ಲಿ ನನ್ನ ಹೆಸರು ಕೆತ್ತಿಸಿ ತಂದಿದ್ದಾರೆ. ಟಿವಿ ಪಕ್ಕದಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಾರೆ. ಮೊನ್ನೆ ನೆಂಟರೆದುರು, ಅದು ನನ್ನದಲ್ಲಪ್ಪ, ಅವಳದು ಎಂದೆ. ಅಪ್ಪ ಫಲಕವನ್ನು ಪಂಚೆಯ ಚುಂಗಿನಿಂದ ಒರೆಸಿ ಬೆಳಕಿಗೆ ಹಿಡಿದರು. “ಏನವ್ವ ಹಂಗಂತೀಯ, ನಿನ್ನ ಹೆಸರೇ ಐತಲ್ಲ ಇದ್ರ ಮ್ಯಾಲೆ.”

ಆ ವಾದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಹೇಳಲಿಲ್ಲ.