ತಾಮ್ರದ ಮೂತಿಯ ತೂಕ

ಯುದ್ಧದ ಕಾಲದಲ್ಲಿ ನಮ್ಮ ಅಳವಂಡಿಯ ಜನ ಎಂಥ ಅನುಮಾನದವರಾಗಿದ್ದರು ಎಂದರೆ, ಕನ್ನಡಿಯಲ್ಲಿ ಕಂಡವನು ಯಾರ ಮಗ ಎಂದು ವಿಚಾರಿಸಿಕೊಂಡೇ ತಲೆ ಬಾಚುತ್ತಿದ್ದರು. ನಾನೂ ಹಾಗೇ ಬಾಚಿದ್ದೇನೆ; ಆಗ ತಲೆಯಲ್ಲಿ ಕೂದಲಿದ್ದವು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ತವರವಂತೂ ಬಂಗಾರದಂತೆ ಅಡಗಿಬಿಟ್ಟಿತ್ತು. ಅಂಥ ದಿನಗಳಲ್ಲಿ ತವರ ಮುಟ್ಟಿಯೇ ಹೊಟ್ಟೆ ಹೊರೆಯಬೇಕಾದವಳು ಶಾಹಜಾದಬಿ.

ತೂತು ಬಿದ್ದ ಕೊಡ, ಚಿಮಣಿ ದೀಪ, ಎಣ್ಣೆಯ ಅಳತೆಪಾವುಗಳಿಗೆ ಬೆಸುಗೆ ಹಾಕುವುದು ಅವಳ ಕಸುಬು. ಗಂಡ ಫಕ್ರುದ್ದೀನ ತೀರಿಕೊಂಡ ಮೇಲೆ ಅವನ ಒಲೆ, ಅವನ ಕೋಲುಗಳು, ಅವನು ಕೂಡುತ್ತಿದ್ದ ಜಾಗ ಮೂರೂ ಅವಳಿಗೆ ಬಂದಿದ್ದವು. ಜಾಗವೆಂದರೆ ಎಣ್ಣೆ ವ್ಯಾಪಾರಿ ಗಾದಿಲಿಂಗಪ್ಪನ ಅಂಗಡಿಯ ಕಟ್ಟೆಯ ಮೂಲೆ. ಕೋಲುಗಳು ಎರಡು: ಕಬ್ಬಿಣದ ಸರಳು, ತುದಿಯಲ್ಲಿ ತಾಮ್ರದ ಮೂತಿ. ಒಂದರ ಮೂತಿ ಬೆಳವಲ ಹಣ್ಣಿನಷ್ಟು, ಇನ್ನೊಂದರದು ಹೆಬ್ಬೆರಳಿನಷ್ಟು. ದೊಡ್ಡದು ಕಾಯಲು ಎರಡು ಸಲ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬೇಕು, ಆದರೆ ಕಾದರೆ ಬೇಗ ಆರುವುದಿಲ್ಲ. ಸಣ್ಣದು ಬೇಗ ಕಾದು ಬೇಗ ಆರುತ್ತದೆ.

ಕಾವು ಅಳೆಯಲು ಅವಳ ಹತ್ತಿರ ಕೆನ್ನೆ ಬಿಟ್ಟರೆ ಬೇರೇನೂ ಇರಲಿಲ್ಲ. ಇದ್ದಿಲ ಉರಿ ಮೂತಿಯ ಸುತ್ತ ಹಸಿರಾದೊಡನೆ ಕೋಲು ಹೊರಗೆ ತೆಗೆದು ಕೆನ್ನೆಯ ಸಮೀಪ ಹಿಡಿಯುವಳು, ತವರ ಹತ್ತಲೆಂದು ನವಸಾಗರದ ಉಪ್ಪುಗಟ್ಟಿಯ ಮೇಲೆ ಉಜ್ಜುವಳು, ಬಿಳಿ ಹೊಗೆ ನೋಡುವಳು. ಆ ಕೆನ್ನೆಯನ್ನು ದೂರದ ಬೇವೂರಿನ ಕಡೆ ತಿರುಗಿಸಿ ಅಲ್ಲಿ ಯಾರ ಮನೆಯಲ್ಲಿ ರೊಟ್ಟಿ ಹಂಚಿಗೆ ಹತ್ತಿತು ಎಂದು ಹೇಳುತ್ತಿದ್ದಳು. ನಂಬದಿದ್ದರೆ ಬಿಡಿ, ರೊಟ್ಟಿ ಹತ್ತಿದ್ದು ಮಾತ್ರ ನಿಜ.

ತವರ ದುಬಾರಿಯಾದ್ದರಿಂದ ಗಿರಾಕಿಗಳು ತಮ್ಮ ತವರದ ಚೂರನ್ನು ತಾವೇ ತಂದು, ಕೆಲಸ ಮುಗಿಯುವವರೆಗೆ ಅವಳ ಕೈಯನ್ನೇ ನೋಡುತ್ತ ಕೂಡುತ್ತಿದ್ದರು. ಗಾದಿಲಿಂಗಪ್ಪನ ಹೆಂಡತಿಯ ತಮ್ಮ ಯಂಕೋಬ ಎಲ್ಲರಿಗಿಂತ ಹತ್ತಿರ ಕೂತವನು. ಒಂದು ದಿನ ಅವನ ಕಣ್ಣು ದೊಡ್ಡ ಮೂತಿಯ ಮೇಲೆ ಬಿತ್ತು.

"ಬೂಬಮ್ಮ, ಆ ಮೂತಿ ಮ್ಯಾಲ ಬೆಳ್ಳಗ ಹೊಳಿಯೂದು ಯಾರ ತವರ?"

"ಅದು ಹತ್ತಿದ್ರನ ಕಾವು ಪಾತ್ರಿಗೆ ಇಳೀತೈತ್ರಿ. ಒಣಾ ಮೂತಿ ಕೆಲಸಕ್ಕ ಬರಂಗಿಲ್ಲ."

"ಹೌದೌದು. ಅಷ್ಟ ದೊಡ್ಡ ಮೂತಿ ದಿನಾ ಎಲ್ಲಾರ ತವರ ನೆಕ್ಕಿದ್ರ, ತಿಂಗಳಿಗೆ ಒಂದು ಕೊಡ ಆಗ್ತೈತಿ ನೋಡು."

ಮಾತು ಸಂತೆಯುದ್ದಕ್ಕೂ ಹರಡಿತು. ದೊಡ್ಡ ಮೂತಿಯನ್ನು ಯಾರೂ ತಮ್ಮ ಪಾತ್ರೆಗೆ ಮುಟ್ಟಿಸಗೊಡಲಿಲ್ಲ. ಸಣ್ಣದರಲ್ಲೇ ಮಾಡು, ಅದು ನೆಕ್ಕಿದರೂ ಎಷ್ಟು ನೆಕ್ಕೀತು ಎಂದರು. ನನ್ನ ಚಿಮಣಿಗೂ ನಾನು ಹಾಗೇ ಹೇಳಿದೆ. ಚಿಮಣಿಯ ತಗಡು ತೆಳು, ಅದಕ್ಕೆ ಸಣ್ಣ ಮೂತಿಯೇ ಸಾಕು.

ಅಷ್ಟರಲ್ಲಿ ಗಾದಿಲಿಂಗಪ್ಪನ ಎಣ್ಣೆಯ ಹಿತ್ತಾಳೆ ಹಂಡೆ ತಳದಲ್ಲಿ ಬಿರುಕು ಬಿಟ್ಟಿತು. ದಪ್ಪ ಹಂಡೆ. ಸಣ್ಣ ಮೂತಿ ಇಟ್ಟ ಕೂಡಲೇ ಕಾವನ್ನೆಲ್ಲ ಹಂಡೆಯೇ ಕುಡಿದುಬಿಟ್ಟಿತು. ತವರ ಹರಿಯದೆ ಆರಿದ ಅಂಬಲಿಯಂತೆ ಗಂಟುಗಟ್ಟಿತು. ಕಾವು ಸಾಲದೆಂದು ಅವಳು ಮೂತಿಯನ್ನು ಕೆಂಪಗೆ ಕಾಯಿಸಿದಳು. ಆಗ ಮೂತಿಯ ತವರವೆಲ್ಲ ಸುಟ್ಟು ಕಪ್ಪಾಯಿತು, ಹೊಸ ತವರ ಅದಕ್ಕೆ ಅಂಟದೆ ಉರುಳಿಹೋಯಿತು. ದೊಡ್ಡ ಕೋಲಿಗೆ ಕೈಹಾಕಿದರೆ ಯಂಕೋಬ ಅದರ ಮೇಲೆ ಕಾಲಿಟ್ಟುಕೊಂಡು ಕೂತಿದ್ದ.

ಗಂಟು ತವರವನ್ನೇ ಮೆತ್ತಿದ ಹಂಡೆಗೆ ಅಂದೇ ಎಣ್ಣೆ ತುಂಬಿದರು; ಬೆಳಗಾಗುವುದರೊಳಗೆ ಆ ಕುಸುಬಿ ಎಣ್ಣೆ ಬೀದಿಗಿಳಿದಿತ್ತು. ಅದರಲ್ಲಿ ಹೊರಳಾಡಿದ ನಾಯಿ ಎಷ್ಟು ಮಿಂಚುತ್ತಿತ್ತೆಂದರೆ, ಅದನ್ನು ಕನ್ನಡಿಯಂತೆ ಎದುರಿಗೆ ನಿಲ್ಲಿಸಿಕೊಂಡು ಇಬ್ಬರು ರುಮಾಲು ಸುತ್ತಿಕೊಂಡರು.

ಗಾದಿಲಿಂಗಪ್ಪ ನಗಲಿಲ್ಲ. ತವರ ಕದ್ದದ್ದಕ್ಕೇ ಹಂಡೆ ಸೋರಿತು ಎಂದ. ಇನ್ನೊಂದು ಸಲ ಸೋರಿದರೆ ಕಟ್ಟೆ ಬಿಡಬೇಕು, ಯಲಬುರ್ಗಾದವರೆಗೆ ಯಾರೂ ಒಂದು ಚಿಮಣಿಯನ್ನೂ ಕೊಡದ ಹಾಗೆ ಮಾಡುತ್ತೇನೆ ಎಂದ.

ಶಾಹಜಾದಬಿ ಅಳಲಿಲ್ಲ. ದೊಡ್ಡ ಕೋಲನ್ನು ಒಯ್ದು ಅವನ ತಕ್ಕಡಿಯಲ್ಲೇ ಇಟ್ಟಳು.

"ತೂಗ್ರಿ ಸಾವ್ಕಾರ್ರ. ಕೆಲಸ ಮುಗಿದ ಮ್ಯಾಲ ಮತ್ತ ತೂಗ್ರಿ. ಹೆಚ್ಚಿಗಿ ಬಂದ್ರ ನಾ ಕಳ್ಳಿ."

ತೂಗಿದರು. ತೂಕದ ಕಲ್ಲುಗಳ ಮೇಲೆ ಹುಣಸೆಬೀಜ ಹಾಕಿ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಸರಿ ಮಾಡಿದರು. ಅವಳು ಮೊದಲು ಹಂಡೆಯ ತಳವನ್ನೇ ಕೆಂಡದ ಹತ್ತಿರ ಹಿಡಿದು ಬೆಚ್ಚಗೆ ಮಾಡಿದಳು. ಆಮೇಲೆ ದೊಡ್ಡ ಮೂತಿ ಕಾಯಿಸಿ, ಕೆನ್ನೆಗೆ ಹಿಡಿದು, ಇಟ್ಟಳು. ತವರ ನೀರಿನಂತೆ ಬಿರುಕಿನೊಳಗೆ ಓಡಿತು. ಹಂಡೆಗೆ ನೀರು ತುಂಬಿ, ಸೋರಿದರೆ ತಿಳಿಯಲೆಂದು ಕೆಳಗೆ ಬೂದಿ ಹರವಿದರು.

ಕೋಲನ್ನು ತಕ್ಕಡಿಗಿಡುವಾಗ ಯಂಕೋಬ ತಡೆದ. ಬಿಸಿಯಾದದ್ದು ಹಗುರ ತೂಗುತ್ತದೆ, ಆರಲಿ ಎಂದ. ಎಲ್ಲರೂ ಕಾದೆವು. ದೊಡ್ಡ ಮೂತಿ, ಆರುವುದೆಂದರೆ ಸಾಮಾನ್ಯವೇ! ಕೋಲನ್ನು ಯಾರೂ ಮುಟ್ಟದಂತೆ ಒಬ್ಬರನ್ನೊಬ್ಬರು ಕಾಯುತ್ತ ಊಟಕ್ಕೂ ಹೋಗಲಿಲ್ಲ.

ತೂಗಿದರೆ ಕೋಲಿನ ತಟ್ಟೆ ಮೇಲೆದ್ದಿತು. ಕಲ್ಲಿನ ತಟ್ಟೆಯಿಂದ ಎರಡು ಹುಣಸೆಬೀಜ ತೆಗೆದ ಮೇಲೆ ಸಮವಾಯಿತು. ಕರಗಿದ ತವರ ಪ್ರತಿ ಸಲವೂ ತಾಮ್ರವನ್ನು ಒಂದಿಷ್ಟು ತಿನ್ನುತ್ತದೆ, ಉರಿಯಲ್ಲಿ ಒಂದಿಷ್ಟು ಸಿಪ್ಪೆಯೂ ಉದುರುತ್ತದೆ, ಸವೆಯುವುದು ಮೂತಿಯೇ. ಹಂಡೆಯ ಕೆಳಗಿನ ಬೂದಿಯೂ ಒಣಗಿಯೇ ಇತ್ತು.

"ಎರಡು ಬೀಜದಷ್ಟು ನನ್ನ ತಾಮ್ರ ನಿಮ್ಮ ಕಟ್ಟಿ ಮ್ಯಾಲ ಹೋತ್ರಿ, ಸಾವ್ಕಾರ್ರ," ಎಂದಳು ಶಾಹಜಾದಬಿ.

ಅಲ್ಲಿದ್ದ ಕಣ್ಣುಗಳೆಲ್ಲ ನಿಧಾನವಾಗಿ ಗಾದಿಲಿಂಗಪ್ಪನ ಕಡೆ, ಅವನ ತಕ್ಕಡಿಯ ಕಡೆ ತಿರುಗಿದವು. ಕಟ್ಟೆ ಬಿಡುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಅವಳು ದೊಡ್ಡ ಕೋಲಿನಿಂದಲೇ ಕೊಡ, ಹಂಡೆಗಳನ್ನು ಬೆಸೆಯತೊಡಗಿದಳು. ಆದರೆ ಅಂದಿನಿಂದ ಎಣ್ಣೆಗೆ ಬಂದವರು ಗಾದಿಲಿಂಗಪ್ಪನ ತಕ್ಕಡಿಯ ತಟ್ಟೆಗಳನ್ನು ಮಗುಚಿ, ತಳಕ್ಕೇನಾದರೂ ಮೆತ್ತಿದೆಯೇ ಎಂದು ಉಜ್ಜಿ ನೋಡಿದ ಹೊರತು ಪಾತ್ರೆ ಮುಂದಿಡಲಿಲ್ಲ.