ಧನಶ್ರೀ ಎಸೆದ ಗುಂಡು

ಆಟದ ಪಿರಿಯಡ್ಡಿನಲ್ಲಿ ಧನಶ್ರೀಯ ಕೆಲಸ ಮಿಕ್ಕವರ ಚಪ್ಪಲಿ, ನೀರಿನ ಬಾಟಲಿ ಕಾಯುವುದು. ಒಂಬತ್ತನೇ ಕ್ಲಾಸಿನ ಹುಡುಗಿಗೆ ಮೈ ತುಸು ಭಾರ, ಓಡಿದರೆ ಏದುಸಿರು. ಖೊಖೋ ತಂಡಕ್ಕೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ.

ಟೇಕಲ್ ಬೆಟ್ಟದ ಹಿಂದಿನ ಹಳ್ಳಿಯಲ್ಲಿ ಅವರ ಮನೆ. ಅಪ್ಪ ಮುನಿಯಲ್ಲಪ್ಪನಿಗೆ ಹಿಪ್ಪುನೇರಳೆ ತೋಟ, ರೇಷ್ಮೆಹುಳುವಿನ ಕೆಲಸ. ಅಮ್ಮ ಶಾಮಲಮ್ಮ ಹಾಸಿಗೆ ಹಿಡಿದಿದ್ದಳು. ಧನಶ್ರೀ ಆರನೇ ಕ್ಲಾಸಿನಲ್ಲಿದ್ದಾಗ ಬೈಕು ಉರುಳಿ ಶಾಮಲಮ್ಮನ ಬೆನ್ನುಮೂಳೆಗೆ ಏಟು ಬಿದ್ದಿತ್ತು. ಸೊಂಟದಿಂದ ಕೆಳಗೆ ಸ್ವಾಧೀನವಿರಲಿಲ್ಲ. ಅವಳನ್ನು ಎತ್ತಿ ಬಚ್ಚಲಿಗೆ ಒಯ್ಯುವುದು, ಬಿಸಿಲಿಗೆ ಕೂರಿಸುವುದು, ಮತ್ತೆ ಒಳಗೆ ಮಲಗಿಸುವುದು ಎಲ್ಲ ಮಗಳದೇ. ಎತ್ತುವಾಗ ಶಾಮಲಮ್ಮ ನಾಚಿಕೆಯಿಂದ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು.

"ನಿನ್ನ ಸೊಂಟ ಬಿದ್ದೋಗುತ್ತೆ ಕಣೇ. ಆಡೋ ವಯಸ್ಸಲ್ಲಿ ನಿನಗ್ಯಾಕೆ ಈ ಕರ್ಮ?"

"ಸುಮ್ನಿರಮ್ಮ, ನೀನೇನು ಭಾರಾನಾ?" ಎನ್ನುತ್ತಿದ್ದಳು ಧನಶ್ರೀ.

ಆ ವರ್ಷ ಸ್ವಾತಂತ್ರ್ಯೋತ್ಸವಕ್ಕೆ ಶಾಲೆಯ ಅಂಗಳದಲ್ಲಿ ಬೆಂಚು ಹಾಕುವಾಗ, ಹುಡುಗರು ಇಬ್ಬಿಬ್ಬರಾಗಿ ಹೊರುತ್ತಿದ್ದ ಬೆಂಚನ್ನು ಅವಳೊಬ್ಬಳೇ ಎತ್ತಿಕೊಂಡು ಬಂದಳು. ದೈಹಿಕ ಶಿಕ್ಷಕ ಅನಿಲ್‌ಕುಮಾರ್ ನೋಡುತ್ತಲೇ ನಿಂತರು.

"ಎಲ್ಲಿಂದ ಬಂತಮ್ಮ ಈ ಶಕ್ತಿ?"

"ಮನೇಲಿ ಅಮ್ಮನ್ನ ಎತ್ತಿ ಅಭ್ಯಾಸ ಸರ್."

ಮರುದಿನ ಅವರು ಅವಳ ಕೈಗೆ ಗುಂಡೆಸೆತದ ಕಬ್ಬಿಣದ ಗುಂಡು ಕೊಟ್ಟರು.

ಮಾಲೂರಿನಲ್ಲಿ ತಾಲ್ಲೂಕು ಕ್ರೀಡಾಕೂಟ. ಧನಶ್ರೀ ಬರಿಗಾಲಲ್ಲಿ, ಅಪ್ಪನ ಹಳೇ ಪ್ಯಾಂಟಿನಲ್ಲಿ ವೃತ್ತದೊಳಗೆ ನಿಂತಾಗ ಯಾರೋ ಕಿಸಕ್ಕೆಂದರು. ಮೊದಲ ಎಸೆತಕ್ಕೆ ಕಾಲು ಗೆರೆ ದಾಟಿತು. ಮುಂದಿನ ಸಲ ಅವಳು ಯಾರನ್ನೂ ನೋಡಲಿಲ್ಲ. ಗುಂಡನ್ನು ಕತ್ತಿಗೆ ಒತ್ತಿಕೊಂಡು, ಮಂಡಿ ಬಗ್ಗಿಸಿ ನೂಕಿದಳು. ಅದು ಎಲ್ಲರ ಗುರುತು ದಾಟಿ ದೊಪ್ಪನೆ ಬಿತ್ತು. ಆಮೇಲೆ ಎದ್ದ ಚಪ್ಪಾಳೆ ತನಗೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಸಂಜೆ ಪದಕವನ್ನು ಅಮ್ಮನ ಕೊರಳಿಗೇ ಹಾಕಿದಳು. ಶಾಮಲಮ್ಮ ಅದನ್ನು ಬೆರಳಲ್ಲಿ ಸವರಿದಳು.

"ನನ್ನ ಎತ್ತೆತ್ತಿ ನೀನು ಹಾಳಾಗೋದೆ ಅನ್ಕೊಂಡಿದ್ದೆ, ತಾಯೀ," ಎಂದು ಅತ್ತಳು. ಮಗಳು ಎತ್ತಿ ಮಲಗಿಸುವಾಗ ಆ ರಾತ್ರಿ ಅವಳು ಮುಖ ತಿರುಗಿಸಲಿಲ್ಲ, ಕೊರಳಿಗೆ ಕೈ ಹಾಕಿಕೊಂಡಳು.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಮಲಗಿ ಮಲಗಿ ಅಮ್ಮನ ಬೆನ್ನಿಗೆ ಆಗಿದ್ದ ಹುಣ್ಣು ಕೀವುಗಟ್ಟಿ ಜ್ವರ ಏರಿತು. ಕೋಲಾರದ ಆಸ್ಪತ್ರೆಗೆ ಸೇರಿಸಿದರೂ ಶಾಮಲಮ್ಮ ಬದುಕಲಿಲ್ಲ.

ತಿಥಿ ಮುಗಿದ ವಾರದಲ್ಲೇ ಜಿಲ್ಲಾ ಮಟ್ಟದ ಆಟ. "ಹೋಗಮ್ಮ, ಅವಳಿದ್ದಿದ್ರೆ ಕಳಿಸ್ತಿದ್ಲು," ಎಂದ ಮುನಿಯಲ್ಲಪ್ಪ. ಧನಶ್ರೀ ಹೋದಳು. ಗುಂಡು ಎಲ್ಲರದಕ್ಕಿಂತ ಹತ್ತಿರವೇ ಬಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅನಿಲ್‌ಕುಮಾರ್, "ಕೈ ನೋವಿತ್ತಾ?" ಎಂದು ಕೇಳಿದರು.

"ಇಲ್ಲ ಸರ್. ಬೆಳಿಗ್ಗೆ ಎದ್ರೆ ಕೈಗೆ ಏನ್ ಕೆಲಸ ಕೊಡ್ಬೇಕು ಅಂತಾನೇ ಗೊತ್ತಾಗ್ತಿಲ್ಲ."

ಮುಂದಿನ ವರ್ಷ ಅವರು ಮನೆಗೇ ಬಂದು ಕರೆದರು. ಧನಶ್ರೀ ಟೀ ಮಾಡಿ ಕೊಟ್ಟಳು. ಆಟದ ಮಾತಿಗೆ ಬೇಡವೆಂದು ತಲೆ ಅಲ್ಲಾಡಿಸಿದಳು. ಅವರು ಒತ್ತಾಯ ಮಾಡಲಿಲ್ಲ. ಈಗ ಅವಳು ಮಾಲೂರಿನ ಕಾಲೇಜಿಗೆ ಹೋಗುತ್ತಾಳೆ. ಅಲ್ಲಿ ಅವಳು ಗುಂಡು ಎಸೆದವಳೆಂದು ಯಾರಿಗೂ ಗೊತ್ತಿಲ್ಲ.